ಲೂಯಿ ಬ್ರೈಲನ ಚರಿತ್ರೆ

ಫ್ರಾನ್ಸ್ ದೇಶದ ಕೂವ್ರೆ ಎಂಬ ಗ್ರಾಮದಲ್ಲಿ ಕುದುರೆಯ ಜೀನುಗಳನ್ನು ಮಾಡುವವನ ಮಗನಾಗಿ ಲೂಯಿ ಬ್ರೈಲನು 1809ನೆಯ ಜನವರಿ 4ರಂದು ಹುಟ್ಟಿದನು. ಮೂರು ವರುಷದವನಾಗಿದ್ದಾಗ ತಂದೆಯ ಕೆಲಸದ ಕೋಣೆಯಲ್ಲಿ ಚರ್ಮ ಚುಚ್ಚುವ ಆಯುಧವು ಒಂದು ಕಣ್ಣಿಗೆ ತಾಕಿತು. ಆ ಬಾಧೆಯು ಮತ್ತೊಂದು ಕಣ್ಣಿಗೂ ಹಬ್ಬಿ, ಅವನು ಸಂಪೂರ್ಣ ಕುರುಡನಾದನು.

1819ರಲ್ಲಿ ಅವನನ್ನು ಪ್ಯಾರಿಸ್ ಪಟ್ಟಣದ ಕುರುಡ ಮಕ್ಕಳ ಶಾಲೆಗೆ ಸೇರಿಸಿದರು. ಅಲ್ಲಿನ ಪುಸ್ತಕಗಳಲ್ಲಿ ಸಾಧಾರಣ ಅಕ್ಷರಗಳನ್ನೇ ಉಬ್ಬಾಗಿ ಅಚ್ಚೊತ್ತಿದ್ದರು. ಬೆರಳಿನಿಂದ ಅವುಗಳನ್ನು ಓದುವುದು ಬಹು ಪ್ರಯಾಸ; ಹಾಗೆ ಬರೆಯುವುದಂತೂ ಆಗದ ಮಾತು. ಬಾರ್ಬಿಯೇ ಎಂಬವನು ಕಲ್ಪಿಸಿದ್ದ ಹನ್ನೆರಡು ಚುಕ್ಕೆಗಳ ಬರಹವನ್ನು ಲೂಯಿಯು ಕಲಿತು, ಅದನ್ನು ಆರು ಚುಕ್ಕೆಗಳಿಗೆ ಇಳಿಸಿ, ಒಂದೊಂದು ಅಕ್ಷರವೂ ಬೆರಳಿನ ತುದಿಗೆ ಒಮ್ಮೆಲೇ ಸಿಕ್ಕುವಂತೆ ಮಾಡಿದನು. ಆಗ ಅವನ ಪ್ರಾಯವು 15. ತರುವಾಯ ಅದೇ ಶಾಲೆಯಲ್ಲಿ ಉಪಾಧ್ಯಾಯನಾದನು.

ಆದರೆ 1840ರಲ್ಲಿ ಬಂದ ಹೊಸ ಮುಖ್ಯಾಧಿಕಾರಿಯು ಈ ಲಿಪಿಯನ್ನು ನಿಷೇಧಿಸಿದನು. ವಿದ್ಯಾರ್ಥಿಗಳಾದರೋ ಅದನ್ನು ಬಿಡಲೊಲ್ಲದೆ, ಬಲ್ಲವರು ಅರಿಯದವರಿಗೆ ಗುಟ್ಟಾಗಿ ಕಲಿಸುತ್ತಾ ಬಂದರು. ಕಡೆಗೆ ಅಧಿಕಾರಿಯ ಮನಸ್ಸೂ ತಿರುಗಿತು. 1844ರಲ್ಲಿ ಶಾಲೆಯ ಹೊಸ ಕಟ್ಟಡದ ಪ್ರಾರಂಭದಲ್ಲಿ ನೆರೆದ ಜನರ ಮುಂದೆ ಆ ಲಿಪಿಯನ್ನು ಬರೆದು ಓದಿ ತೋರಿಸಲಾಯಿತು.

ಬ್ರೈಲನು ಕ್ಷಯರೋಗದಿಂದ 1852ನೆಯ ಜನವರಿ 6ರಂದು ತೀರಿಹೋದನು. ಇಂದು ನಮ್ಮ ಕನ್ನಡವನ್ನೂ ಆ ಆರು ಚುಕ್ಕೆಗಳಲ್ಲಿ ಓದುವವರಿದ್ದಾರೆ.

ಪ್ರಿಯ ವಾಚಕರೇ, ಲಿಪಿಯನ್ನು ಕಲ್ಪಿಸಿದವನು ಒಬ್ಬನು. ಅದನ್ನು ಸಾಯಗೊಡದೆ ಕಾಪಾಡಿದವರು ಒಬ್ಬರಿಗೊಬ್ಬರು ಕಲಿಸಿದ ಕುರುಡ ಮಕ್ಕಳು. ನಮ್ಮ ಗ್ರಾಮದಲ್ಲಿ ಕಣ್ಣು ಕಳಕೊಂಡವರು ಬೇರೆಬೇರೆ ಮನೆಗಳ ಮೂಲೆಯಲ್ಲಿ ಕುಳಿತಿದ್ದರೆ, ಅನ್ನವಿಕ್ಕಿದರೆ ಸಾಲದು. ಅವರನ್ನು ಕೈಹಿಡಿದು ಒಬ್ಬರ ಬಳಿಗೊಬ್ಬರನ್ನು ಕರೆತರೋಣ.