ತರಾಸು: ಕೋಟೆ ಬೀಳುವ ಕಥೆಯನ್ನು ಹುಡುಗಿಯರಿಗೆ ಹೇಳುವಾಗ

ಲೇಖಕರ ಪರಿಚಯ ಎಂದರೆ ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಯಲ್ಲಿ ನಾಲ್ಕು ಸಾಲು: ಜನನ, ಸ್ಥಳ, ಕೃತಿ, ಪ್ರಶಸ್ತಿ. ಕಪ್ಪುಹಲಗೆಯ ಬಲಬದಿಯಲ್ಲಿ ಅದನ್ನು ಬರೆದು, ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವ ಹೊತ್ತಿಗೆ ಐದು ನಿಮಿಷ ಕಳೆದಿರುತ್ತದೆ. ಆಮೇಲೆ ಆ ಲೇಖಕನ ಹೆಸರು ಪಾಠದಲ್ಲಿ ಮತ್ತೆ ಬರುವುದಿಲ್ಲ. ಪಾಠ ವೀಕ್ಷಣೆಗೆಂದು ದಾವಣಗೆರೆ ಮತ್ತು ಹರಿಹರದ ಪ್ರೌಢಶಾಲೆಗಳಲ್ಲಿ ಹಿಂದಿನ ಬೆಂಚಿನ ಮೇಲೆ ಕೂತು ನಾನು ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದ್ದರಿಂದ ಕನ್ನಡ ಬೋಧನಾ ಪದ್ಧತಿಯ ನನ್ನ ತರಗತಿಯಲ್ಲಿ ಒಬ್ಬ ಲೇಖಕನ ಬದುಕನ್ನೇ ಒಂದು ಇಡೀ ಅವಧಿಯ ಪಾಠವಾಗಿ ಮಾಡಿಸುತ್ತೇನೆ. ಆರಿಸಿಕೊಂಡಿರುವುದು ತರಾಸು ಅವರನ್ನು. ಪೂರಕ ಓದಿಗೆ ದುರ್ಗಾಸ್ತಮಾನದ ಕೆಲವು ಪುಟಗಳು.

ತರಾಸು ಯಾಕೆ ಎಂದು ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳುತ್ತಾರೆ. ಮೊದಲ ಕಾರಣ ಸರಳ, ಅವರು ನಮ್ಮವರು. ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ಹುಟ್ಟಿದ್ದು 1920ರ ಏಪ್ರಿಲ್ 21ರಂದು, ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ. ಹರಿಹರದಿಂದ ಶಿವಮೊಗ್ಗದ ಕಡೆ ಹೋಗುವ ಬಸ್ಸು ಹತ್ತಿದರೆ ದಾರಿಯಲ್ಲೇ ಸಿಗುವ ಊರು. ಆಗ ಇದೆಲ್ಲ ಚಿತ್ರದುರ್ಗ ಜಿಲ್ಲೆ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಆ ಗೆರೆ ಎಳೆದ ಮೇಲೆ ತರಾಸು ಚಿತ್ರದುರ್ಗದವರಾಗಿಯೇ ಉಳಿದರು, ಹುಟ್ಟಿದೂರು ಮಾತ್ರ ನಮ್ಮ ಪಾಲಿಗೆ ಬಂತು. ಮಲೇಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಹರಿಹರಕ್ಕೆ ಬರುವ ಹುಡುಗಿಯರಿಗೇ ಈ ಸಂಗತಿ ಗೊತ್ತಿರುವುದಿಲ್ಲ.

ಎರಡನೆಯ ಕಾರಣ ಓದಿಗೆ ಸಂಬಂಧಪಟ್ಟದ್ದು. ಒಂಬತ್ತನೆಯ ತರಗತಿಯ ಹುಡುಗಿಯರು ಓದುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಮ್ಮನ ಮೊಬೈಲಿನಲ್ಲಿ ಪ್ರತಿಲಿಪಿಯಂಥ ಆ್ಯಪ್ ತೆರೆದು ಧಾರಾವಾಹಿ ಪ್ರೇಮಕಥೆಗಳನ್ನು ಅವರು ಕಂತುಕಂತಾಗಿ ಓದುತ್ತಾರೆ. ಅದರಲ್ಲಿ ರಾಜಕುಮಾರ, ಯುದ್ಧ, ಅಂತಃಪುರ, ಅಗಲಿಕೆ ಎಲ್ಲ ಇರುತ್ತದೆ. ಅವರ ಅಜ್ಜಿಯರ ಕಾಲದಲ್ಲಿ ಇದೇ ರುಚಿಗೆ ಒದಗುತ್ತಿದ್ದುದು ವಾರಪತ್ರಿಕೆಯ ಧಾರಾವಾಹಿ ಮತ್ತು ಬಾಡಿಗೆ ಪುಸ್ತಕದಂಗಡಿ. ಯುದ್ಧಕಾಲದ ಪ್ರೇಮಕಥೆ ಎಂದರೆ ಹದಿಹರೆಯದ ಹುಡುಗಿಗೆ ಏಕೆ ಹಿಡಿಸುತ್ತದೆ ಎಂದು ಮೂಗು ಮುರಿಯುವ ಬದಲು, ಆ ಹಸಿವಿಗೆ ಗಟ್ಟಿ ಊಟ ಯಾವುದಿದೆ ಎಂದು ನಾವು ನೋಡಬೇಕಷ್ಟೆ. ತರಾಸು ಹುಡುಗಿಯರಿಗೆಂದೇ ಬರೆದವರಲ್ಲ. ಆದರೆ ಹುಡುಗಿಯರು ಅವರನ್ನು ಓದುತ್ತಲೇ ಬಂದಿದ್ದಾರೆ.

ಈಗ ಬದುಕಿಗೆ ಬರುತ್ತೇನೆ. ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. ಕುವೆಂಪು ಅವರ ಗುರುಗಳಾದ ತಳುಕಿನ ವೆಂಕಣ್ಣಯ್ಯನವರು ಇದೇ ಮನೆತನದ ಹಿರಿಯರು. ಶ್ರೀರಾಮಾಯಣ ದರ್ಶನಂ ಅರ್ಪಿತವಾಗಿರುವುದು ಅವರಿಗೇ. ಅಂಥ ವಿದ್ವಾಂಸರ ಮನೆಯಲ್ಲಿ ಹುಟ್ಟಿದ ಹುಡುಗ ಪದವಿ ಪಡೆದು, ಹಳಗನ್ನಡ ಪಾಠ ಹೇಳುವ ಅಧ್ಯಾಪಕನಾಗುತ್ತಾನೆಂದು ಯಾರಾದರೂ ಎಣಿಸಬಹುದಿತ್ತು. ಆದರೆ ಸುಬ್ಬರಾಯರು ಕಾಲೇಜು ಓದನ್ನು ಅರ್ಧಕ್ಕೆ ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಇಳಿದರು. 1942ರ ಚಲೇಜಾವ್ ಚಳವಳಿಯಲ್ಲಿ ಸೆರೆಮನೆ ಕಂಡರು. ಆಗ ಅವರಿಗೆ ಇಪ್ಪತ್ತೆರಡು ವರ್ಷ, ಎಂದರೆ ನಮ್ಮ ಬಿ.ಇಡಿ. ತರಗತಿಯಲ್ಲಿ ಕೂತಿರುವ ಬಹಳ ಮಂದಿಯ ವಯಸ್ಸು. ಹೊರಬಂದ ಮೇಲೆ ಹೊಟ್ಟೆಪಾಡಿಗೆ ಪತ್ರಿಕೆಗಳಲ್ಲಿ ದುಡಿದರು. ಅ.ನ. ಕೃಷ್ಣರಾಯರ ಮುಂದಾಳ್ತನದ ಪ್ರಗತಿಶೀಲ ಬಳಗ ಆಗ ಕಟ್ಟಿಕೊಳ್ಳುತ್ತಿತ್ತು. ನಿರಂಜನ, ಬಸವರಾಜ ಕಟ್ಟೀಮನಿ, ತರಾಸು ಎಲ್ಲರೂ ಅದರಲ್ಲಿದ್ದವರು. ಸಾಹಿತ್ಯ ವಿದ್ವಾಂಸರ ಸೊತ್ತಾಗಬಾರದು, ಸಾಮಾನ್ಯ ಓದುಗನ ಕೈಗೆ ಸಿಗಬೇಕು ಎಂಬುದು ಆ ಬಳಗದ ಹಟ. ಮಸಣದ ಹೂವು ಬರೆದು ವೇಶ್ಯಾವಾಟಿಕೆಯ ಹೆಣ್ಣಿನ ಪಾಡನ್ನು ಮನೆಮನೆಗೆ ತಂದದ್ದು ಆ ಹಟದಿಂದಲೇ. ಬರವಣಿಗೆಯೇ ಉದ್ಯೋಗವಾದ ಮನುಷ್ಯ ತುಂಬ ಬರೆಯಬೇಕಾಗುತ್ತದೆ. ತರಾಸು ತುಂಬ ಬರೆದರು. ಎಲ್ಲವೂ ಒಂದೇ ತೂಕದವಲ್ಲ, ಹಾಗೆಂದು ಪ್ರಶಿಕ್ಷಣಾರ್ಥಿಗಳಿಗೆ ಹೇಳಲು ನನಗೆ ಸಂಕೋಚವೂ ಇಲ್ಲ.

ತೂಕದ್ದು ಎಂದರೆ ದುರ್ಗದ ಕಾದಂಬರಿಗಳು. ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ ಒಂದಕ್ಕೊಂದು ಹೆಣೆದುಕೊಂಡ ಮೂರು. ಇವುಗಳಲ್ಲಿ ಹೊರಗಿನ ಶತ್ರುವಿಗಿಂತ ಒಳಗಿನ ಶತ್ರುವೇ ದೊಡ್ಡವನು. ಹದಿನೇಳನೆಯ ಶತಮಾನದ ಕೊನೆಗೆ, ಭರಮಣ್ಣನಾಯಕ ಪಟ್ಟಕ್ಕೆ ಬರುವ ಮುನ್ನ, ದಳವಾಯಿ ಮುದ್ದಣ್ಣನ ಅಧಿಕಾರದ ಆಸೆಗೆ ಅರಮನೆಯಲ್ಲಿ ರಕ್ತ ಹರಿಯುವ ಕಥೆ. ಪಾಳೆಯಗಾರರ ಲೋಕದಲ್ಲಿ ಮದುವೆ ಎಂದರೆ ಮನಸ್ಸಿನ ಮಾತಿಗಿಂತ ಎರಡು ಪಾಳೆಯಪಟ್ಟುಗಳ ಒಪ್ಪಂದ. ಒಪ್ಪಂದ ಮುರಿದಾಗ ಮೊದಲು ಕಂಬನಿ ಹಾಕುವವಳು ಅಂತಃಪುರದ ಹೆಣ್ಣು. ಮೊದಲ ಕಾದಂಬರಿಯ ಹೆಸರನ್ನೇ ಹಲಗೆಯ ಮೇಲೆ ಬರೆದು, ಕುಯಿಲು ಎಂದರೆ ಏನೆಂದು ಕೇಳಿ ಎಂದು ನಾನು ಸೂಚಿಸುತ್ತೇನೆ. ಹೊಲದ ಮನೆಯ ಮಕ್ಕಳಿಗೆ ಗೊತ್ತಿರುತ್ತದೆ. ಹೊಲದಲ್ಲಿ ಬೆಳೆ ಕೊಯ್ಯುವ ಹಾಗೆ ಕಣ್ಣೀರಿನ ಕೊಯ್ಲು ಎಂದು ಒಬ್ಬಳು ಬಿಡಿಸಿ ಹೇಳಿದರೆ ಸಾಕು, ಅರ್ಧ ಪಾಠ ಆದಂತೆಯೇ.

ಮಕ್ಕಳಿಗೆ ತರಾಸು ಹೆಸರು ತಲುಪುವುದು ಮಾತ್ರ ಬೇರೆ ದಾರಿಯಿಂದ. ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ ಎಂಬ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ನಾಗರಹಾವು ಸಿನಿಮಾ ಮಾಡಿದರು. ರಾಮಾಚಾರಿಯಾಗಿ ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರಾಗಿ ಅಶ್ವತ್ಥ್. ತರಾಸು ಅವರಿಗೆ ಆ ಸಿನಿಮಾ ಒಪ್ಪಿಗೆಯಾಗಲಿಲ್ಲ ಎಂಬುದು ಎಲ್ಲರೂ ಬಲ್ಲ ಸಂಗತಿ. ಚಾಮಯ್ಯ ಮೇಷ್ಟ್ರ ವಿಚಾರ ನಮ್ಮ ತರಗತಿಯಲ್ಲಿ ಎದ್ದರೆ ಬೇಗ ಮುಗಿಯುವುದಿಲ್ಲ. ಶಿಷ್ಯನನ್ನು ಪ್ರೀತಿಸುವುದು, ಅವನ ಪರವಾಗಿ ತೀರ್ಮಾನ ಮಾಡಿಬಿಡುವುದು ಇವೆರಡೂ ಒಂದೇ ಅಲ್ಲವೆಂಬುದಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. ಅದು ಬೇರೆ ಲೇಖನಕ್ಕೆ ಇರಲಿ. ಇಲ್ಲಿ ನನಗೆ ಬೇಕಾದದ್ದು ಆ ಸಿನಿಮಾದ ಓಬವ್ವನ ಹಾಡು. ಜಯಂತಿ ಒನಕೆ ಹಿಡಿದು ನಿಂತ ಆ ದೃಶ್ಯವನ್ನು ಶಾಲಾ ವಾರ್ಷಿಕೋತ್ಸವದಲ್ಲಿ ನೃತ್ಯ ಮಾಡದ ಶಾಲೆ ನಮ್ಮ ಸೀಮೆಯಲ್ಲಿಲ್ಲ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಓಬವ್ವ ಜಯಂತಿ ಆಚರಿಸುತ್ತಿದೆ. ಹೀಗಾಗಿ ಪಾಠಕ್ಕೆ ಮೊದಲೇ ಹುಡುಗಿಯರಿಗೆ ಒಬ್ಬ ನಾಯಕಿ ಗೊತ್ತಿದ್ದಾಳೆ. ಕಾವಲುಗಾರನ ಹೆಂಡತಿ, ಗಂಡ ಊಟಕ್ಕೆ ಕೂತಾಗ ನೀರು ತರಲು ಹೋದವಳು, ಕಿಂಡಿಯಲ್ಲಿ ತೂರಿ ಬರುತ್ತಿದ್ದ ಹೈದರನ ಸೈನಿಕರನ್ನು ಒನಕೆಯಿಂದ ಬಡಿದು ಕೊಂದವಳು.

ದುರ್ಗಾಸ್ತಮಾನ ಬಂದದ್ದು 1982ರಲ್ಲಿ, ತರಾಸು ಅರವತ್ತು ದಾಟಿದ ಮೇಲೆ. ಹಳೆಯ ಮೂರು ಕಾದಂಬರಿ ಬರೆದು ಎಷ್ಟೋ ವರ್ಷಗಳ ನಂತರ. ಪುಸ್ತಕ ತೆರೆಯುವ ಮುಂಚೆಯೇ ಕೊನೆ ಏನೆಂದು ಓದುಗನಿಗೆ ಗೊತ್ತು. ಹೆಸರಿನಲ್ಲೇ ಅಸ್ತಮಾನವಿದೆ. 1754ರಲ್ಲಿ ಕಸ್ತೂರಿ ರಂಗಪ್ಪನಾಯಕ ಮಕ್ಕಳಿಲ್ಲದೆ ತೀರಿಕೊಂಡಾಗ ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಜಾನಕಲ್ಲಿನಿಂದ ತಂದು ಪಟ್ಟ ಕಟ್ಟುತ್ತಾರೆ. ಅವನೇ ಮದಕರಿನಾಯಕ. ಅವನನ್ನು ಬೆಳೆಸಿ, ರಾಜಕಾರಣ ಕಲಿಸುವವಳು ರಾಜಮಾತೆ ಓಬವ್ವನಾಗತಿ. ಒನಕೆಯ ಓಬವ್ವ ಬೇರೆ, ಇವಳು ಬೇರೆ. ಈ ವ್ಯತ್ಯಾಸವನ್ನು ಪಾಠದ ಆರಂಭದಲ್ಲೇ ಬಿಡಿಸಿಡದಿದ್ದರೆ ಮಕ್ಕಳು ಕೊನೆಯವರೆಗೂ ಗೊಂದಲದಲ್ಲಿರುತ್ತಾರೆ. ನನ್ನ ಮಟ್ಟಿಗೆ ಕಾದಂಬರಿಯ ದೊಡ್ಡ ಪಾತ್ರ ಈ ನಾಗತಿಯೇ. ಸಿಂಹಾಸನದ ಮೇಲೆ ಕೂರದೆ ರಾಜ್ಯ ಕಾಯುವ ವಿಧವೆ. ಮದಕರಿ ಒಮ್ಮೆ ಹೈದರಾಲಿಯ ಜೊತೆ ನಿಲ್ಲುತ್ತಾನೆ, ಇನ್ನೊಮ್ಮೆ ಮರಾಠರತ್ತ ವಾಲುತ್ತಾನೆ. ಕೊನೆಗೆ 1779ರಲ್ಲಿ ಕೋಟೆ ಹೈದರನ ಕೈಗೆ ಬೀಳುತ್ತದೆ. ಮದಕರಿ ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಳ್ಳುತ್ತಾನೆ.

ಕಷ್ಟ ಇರುವುದು ಇಲ್ಲಿ. ಚಿತ್ರದುರ್ಗದ ಕೋಟೆಯಲ್ಲಿ ಅಕ್ಕ-ತಂಗಿ ಹೊಂಡ ಇದೆ. ಕೋಟೆ ಬಿದ್ದಾಗ ಮದಕರಿಯ ಇಬ್ಬರು ರಾಣಿಯರು ಅದಕ್ಕೆ ಹಾರಿ ಪ್ರಾಣ ಬಿಟ್ಟರೆಂದು ಅಲ್ಲಿನ ಜನ ಹೇಳುತ್ತಾರೆ. ಹರಿಹರದ ಒಂದು ಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿ ಇದನ್ನು ತುಂಬ ಭಾವುಕಳಾಗಿ, ದನಿ ತಗ್ಗಿಸಿ ಹೇಳಿದಳು. ತರಗತಿ ಸ್ತಬ್ಧವಾಯಿತು. ಆಮೇಲೆ ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು, ಅವರು ಯಾಕೆ ಸಾಯಬೇಕಿತ್ತು ಟೀಚರ್, ಓಬವ್ವನ ಹಾಗೆ ಹೊಡೆಯಬಹುದಿತ್ತಲ್ಲ ಎಂದು ಕೇಳಿದಳು. ಪ್ರಶಿಕ್ಷಣಾರ್ಥಿ ಮಾನ, ತ್ಯಾಗ ಎಂಬ ಪದಗಳನ್ನು ಬಾಯಿತುದಿಗೆ ತಂದು ತಡೆದಳು. ಆ ತಡೆದದ್ದಕ್ಕೆ ನಾನು ವೀಕ್ಷಣಾ ಪುಸ್ತಕದಲ್ಲಿ ಮೆಚ್ಚುಗೆ ಬರೆದೆ. ಹದಿನಾಲ್ಕು ವರ್ಷದ ಹುಡುಗಿಯ ಎದುರು ಸಾವನ್ನು ಮಾನದ ಬೆಲೆಯಾಗಿ ಕೊಂಡಾಡುವುದು ಶಿಕ್ಷಕರ ಕೆಲಸವಲ್ಲ. ಅವಳ ಮನೆಯ ಪರಿಸ್ಥಿತಿ, ಅವಳ ಮನಸ್ಸಿನಲ್ಲಿ ಆ ವಾರ ಏನು ನಡೆಯುತ್ತಿದೆ ಎಂಬುದು ನಮಗೆ ಗೊತ್ತಿರುವುದಿಲ್ಲ.

ಹಾಗಾದರೆ ಏನು ಹೇಳಬೇಕು? ನಾನು ಸೂಚಿಸುವುದು ಮೂರನೆಯ ಗುಂಪೊಂದನ್ನು ತರಗತಿಗೆ ಕರೆತರುವುದು. ಕೋಟೆ ಗೆದ್ದ ಮೇಲೆ ಹೈದರ್ ದುರ್ಗದ ಬೇಡರನ್ನು ಸಾವಿರಾರು ಸಂಖ್ಯೆಯಲ್ಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದನ್ನು ಗೆಜೆಟಿಯರ್ ಹೇಳುತ್ತದೆ. ಅವರಲ್ಲಿ ಹುಡುಗರನ್ನು ಆರಿಸಿ ಪಡೆಗೆ ಸೇರಿಸಿದರು. ಸಾವಿರಾರು ಜನ ಎಂದಾಗ ಹೆಂಗಸರು, ಹುಡುಗಿಯರು, ಕಂಕುಳಲ್ಲಿ ಕೂಸು ಹೊತ್ತವರು ಇರಲೇಬೇಕು. ಒನಕೆ ಎತ್ತಿದವಳು ಒಬ್ಬಳು, ಹೊಂಡಕ್ಕೆ ಹಾರಿದವರು ಇಬ್ಬರು. ಉಳಿದವರೆಲ್ಲ ನಡೆದರು. ಅವರಿಗೆ ಹಾಡೂ ಇಲ್ಲ, ಜಯಂತಿಯೂ ಇಲ್ಲ. ಬದುಕಿ ಉಳಿದದ್ದೇ ಅವರ ಕಥೆ. ಈ ಮಾತನ್ನು ಇಟ್ಟ ಮೇಲೆ ಮಕ್ಕಳ ಪ್ರಶ್ನೆಗಳ ಬಣ್ಣವೇ ಬದಲಾಗುತ್ತದೆ. ದಾರಿಯಲ್ಲಿ ಏನು ತಿಂದರು, ಎಷ್ಟು ದಿನ ನಡೆದರು, ಮುಟ್ಟಾದಾಗ ಏನು ಮಾಡಿದರು ಎಂದು ಕೇಳುತ್ತಾರೆ. ಕೊನೆಯ ಪ್ರಶ್ನೆ ಹುಡುಗಿಯರೇ ಇರುವ ಶಾಲೆಯಲ್ಲಿ ಮಾತ್ರ ಬಂತು.

ಇನ್ನೊಂದು ಎಚ್ಚರ ನಮ್ಮ ಊರಿಗೆ ಸಂಬಂಧಿಸಿದ್ದು. ದಾವಣಗೆರೆಯ ಯಾವ ತರಗತಿಯಲ್ಲಿ ನೋಡಿದರೂ ಮುಸ್ಲಿಂ ಹುಡುಗಿಯರಿರುತ್ತಾರೆ. ಹೈದರನ ಹೆಸರು ಬಂದಾಗ ಇಡೀ ತರಗತಿ ತಿರುಗಿ ಅವರನ್ನು ನೋಡುವ ಹಾಗೆ ಪಾಠ ಮಾಡಬಾರದು. ಅದಕ್ಕೆ ಉಪದೇಶ ಬೇಡ, ಇತಿಹಾಸವೇ ಸಾಕು. 1748ರಲ್ಲಿ ಹಿರಿಯ ಮದಕರಿನಾಯಕ ಸತ್ತದ್ದು ನಮ್ಮ ತಾಲ್ಲೂಕಿನ ಮಾಯಕೊಂಡದ ಯುದ್ಧದಲ್ಲಿ. ಎದುರಿಗಿದ್ದವರು ಬಿದನೂರು, ಹರಪನಹಳ್ಳಿಯವರಂಥ ನೆರೆಯ ನಾಯಕರು, ಪಕ್ಕದಲ್ಲಿ ನೆರವಿಗಿದ್ದವನು ಚಂದಾಸಾಹೇಬ. ಇನ್ನು ದಾವಣಗೆರೆ ಪೇಟೆಯೂರಾಗಿ ಬೆಳೆದದ್ದು ಹೈದರ್ ಇದನ್ನು ಮರಾಠ ಸರದಾರನೊಬ್ಬನಿಗೆ ಜಹಗೀರು ಕೊಟ್ಟು, ಅವನು ವ್ಯಾಪಾರಿಗಳನ್ನು ಕರೆದು ನೆಲೆಗೊಳಿಸಿದ ಮೇಲೆ. ದುರ್ಗವನ್ನು ಕೆಡವಿದವನೇ ದಾವಣಗೆರೆಗೆ ಪೇಟೆ ತಂದವನು. ಭೂಪಟವನ್ನು ಗೋಡೆಗೆ ತೂಗುಹಾಕಿ ಇಷ್ಟನ್ನು ತೋರಿಸಿದರೆ, ಯುದ್ಧ ಯಾರು ಯಾರ ನಡುವೆ ಎಂಬ ಪ್ರಶ್ನೆಗೆ ಎರಡೇ ಪಕ್ಷದ ಉತ್ತರ ಬರುವುದಿಲ್ಲ. ತರಾಸು ಸ್ವತಃ ದುರ್ಗದ ಪಕ್ಷಪಾತಿ. ಅದನ್ನು ಮಕ್ಕಳಿಂದ ಮುಚ್ಚಿಡಬೇಕಿಲ್ಲ. ಪ್ರೀತಿಸಿದವನು ಬರೆದ ಇತಿಹಾಸ ಹೇಗಿರುತ್ತದೆ ಎಂದು ತೋರಿಸಲು ಅದೇ ಅನುಕೂಲ. ಒಂದು ಪುಟ ಓದಿಸಿ, ದಾಖಲೆಯಲ್ಲಿ ಇರುವುದು ಯಾವುದು, ಜನ ಹೇಳಿಕೊಂಡು ಬಂದದ್ದು ಯಾವುದು, ಕಾದಂಬರಿಕಾರ ಕಟ್ಟಿದ್ದು ಯಾವುದು ಎಂದು ಮೂರು ಬಣ್ಣದ ಪೆನ್ಸಿಲ್ಲಿನಲ್ಲಿ ಗೆರೆ ಎಳೆಸುವ ಚಟುವಟಿಕೆ ಚೆನ್ನಾಗಿ ನಡೆದಿದೆ. ಬೋಧನೋಪಕರಣಕ್ಕೆಂದು ಥರ್ಮೋಕೋಲ್ ಕೋಟೆ ಮಾಡಿ ತರುವುದಕ್ಕಿಂತ ಇದು ಅಗ್ಗ.

ದುರ್ಗಾಸ್ತಮಾನ ಪ್ರಕಟವಾಗಿ ಎರಡು ವರ್ಷಕ್ಕೆ, 1984ರ ಏಪ್ರಿಲ್ 10ರಂದು ತರಾಸು ತೀರಿಕೊಂಡರು. ಅರವತ್ತನಾಲ್ಕು ತುಂಬಲು ಹನ್ನೊಂದು ದಿನ ಬಾಕಿಯಿತ್ತು. ಅದೇ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಹಲಗೆಯ ಬಲಬದಿಯ ನಾಲ್ಕನೆಯ ಸಾಲು ಇದು. ಇಸವಿಗಳನ್ನು ಒಂದರ ಕೆಳಗೊಂದು ಬರೆದರೆ ಯಾರಾದರೂ ಒಬ್ಬಳು ಗಮನಿಸಿ, ಹಾಗಾದರೆ ಪ್ರಶಸ್ತಿ ಅವರು ನೋಡಲೇ ಇಲ್ಲವಾ ಎಂದು ಕೇಳುತ್ತಾಳೆ.

ಈ ಸಲದ ಮನೆಗೆಲಸಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಕೊಟ್ಟದ್ದು ಶ್ರೀರಂಗಪಟ್ಟಣದ ದಾರಿಯಲ್ಲಿ ನಡೆಯುತ್ತಿರುವ ಹುಡುಗಿಯೊಬ್ಬಳ ಒಂದು ದಿನ, ಒಂದು ಪುಟದಲ್ಲಿ. ಮೂವತ್ತೆಂಟು ಮಂದಿ ಬರೆದುಕೊಟ್ಟರು. ಬಹುಪಾಲು ಕಥೆಗಳಲ್ಲಿ ಒಬ್ಬ ಸಿಪಾಯಿ ಹುಡುಗ ನೀರು ಕೊಡುತ್ತಾನೆ, ಕಣ್ಣು ಕಣ್ಣು ಸೇರುತ್ತದೆ. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಬೇಡಿ ಎಂದು ಹೇಳಿದ್ದೇನೆ. ಆ ಹುಡುಗ ಯಾವ ಊರಿನವನು, ಅವನನ್ನು ಪಡೆಗೆ ಸೇರಿಸಿದವರು ಯಾರು ಎಂದು ಅಂಚಿನಲ್ಲಿ ಪ್ರಶ್ನೆ ಬರೆದು ವಾಪಸ್ ಕೊಟ್ಟಿದ್ದಾರೆ. ಎರಡನೆಯ ಪುಟ ಬರುವ ಸೋಮವಾರ ಕೈಸೇರಬೇಕು.