ಮೂಕಿ ಚಿತ್ರದಿಂದ ಬಯಲಾಟಕ್ಕೆ: ಕಾರಂತರು ನಡೆದ ದಾರಿ

ಕೋಟ ಶಿವರಾಮ ಕಾರಂತರನ್ನು ನಾವು ಕಾದಂಬರಿಕಾರರೆಂದು, ಪರಿಸರ ಹೋರಾಟಗಾರರೆಂದು, ಯಕ್ಷಗಾನದ ಸಂಶೋಧಕರೆಂದು ನೆನೆಯುತ್ತೇವೆ. ಅವರು ಚಲನಚಿತ್ರಗಳನ್ನೂ ತಯಾರಿಸಿದ್ದರೆಂಬುದು ಹಲವರಿಗೆ ಮರೆತೇ ಹೋಗಿದೆ. ಉಡುಪಿ, ಕಾರ್ಕಳದಂಥ ಊರುಗಳ ಏಕಪರದೆಯ ಚಿತ್ರಮಂದಿರಗಳು ಸೊರಗಿರುವ ಈ ಹೊತ್ತಿನಲ್ಲಿ ಅವರ ಬದುಕಿನ ಆ ಮಗ್ಗುಲು ಗಮನಾರ್ಹ. ಹತ್ತಾರು ಜನ ಒಂದೆಡೆ ಕಲೆತು ನೋಡುವ ಕಲೆ ಯಾವ ಆಸರೆಯಿಂದ ಬಾಳುತ್ತದೆ ಎಂಬ ಪ್ರಶ್ನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದ ಕಾರಂತರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ತೊರೆದರು. ಖಾದಿ ಪ್ರಚಾರ, ಪತ್ರಿಕೆ, ನಾಟಕ ಎಂದು ಹಲವು ಕ್ಷೇತ್ರಗಳಲ್ಲಿ ಕೈಯಾಡಿಸಿ, 1930ರ ಆಸುಪಾಸಿನಲ್ಲಿ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿ ಚಿತ್ರಗಳನ್ನು ಮಾಡಿದರು. ಆದರೆ ಕಾಲ ಅವರಿಗೆ ಅನುಕೂಲವಾಗಿರಲಿಲ್ಲ. 1931ರಲ್ಲಿ ‘ಆಲಂ ಆರಾ’ ಮಾತನಾಡಿತು. 1934ರಲ್ಲಿ ‘ಸತಿ ಸುಲೋಚನ’ ಕನ್ನಡದಲ್ಲಿ ಮಾತನಾಡಿತು. ಮೂಕಿ ಚಿತ್ರಕ್ಕೆ ಭಾಷೆಯ ಗಡಿಯಿರಲಿಲ್ಲ. ಬರಹದ ಫಲಕಗಳನ್ನು ಬದಲಿಸಿದರೆ ಯಾವ ಸೀಮೆಯಲ್ಲಾದರೂ ತೋರಿಸಬಹುದಿತ್ತು. ವಾಕ್ಚಿತ್ರಕ್ಕಾದರೋ ದುಬಾರಿ ಧ್ವನಿಯಂತ್ರ ಬೇಕು, ದೊಡ್ಡ ಬಂಡವಾಳ ಬೇಕು. ಮಾರುಕಟ್ಟೆ ಮಾತ್ರ ಒಂದು ಭಾಷೆಯಷ್ಟೇ. ಒಂಟಿಯಾಗಿ ಪ್ರಯೋಗ ಮಾಡುವವರಿಗೆ ಅದು ಎಟುಕುವ ಉದ್ಯಮವಾಗಿರಲಿಲ್ಲ. ಕಾರಂತರು ಆ ಹಾದಿಯಲ್ಲಿ ಮುಂದುವರಿಯಲಿಲ್ಲ.

ಅದೇ ಧ್ವನಿಯಂತ್ರ ಸಣ್ಣ ಊರುಗಳಿಗೆ ಕಾಯಂ ಚಿತ್ರಮಂದಿರಗಳನ್ನು ತಂದಿತೆಂಬುದು ಸ್ವಾರಸ್ಯಕರ. ಡೇರೆ ಹೊತ್ತು ಊರೂರು ತಿರುಗುತ್ತಿದ್ದ ಪ್ರದರ್ಶನಕ್ಕೆ ಈಗ ವಿದ್ಯುತ್ತು, ಗೋಡೆ, ಮಾಡು ಬೇಕಾದವು. ‘ಟಾಕೀಸು’ ಎಂಬ ಹೆಸರೇ ಆ ಕಾಲದ ಗುರುತು.

ಕಾರಂತರು ಪುತ್ತೂರಿನಲ್ಲಿ ನೆಲೆಸಿ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಕ್ಕಿಳಿದರು. 1933ರಲ್ಲಿ ‘ಚೋಮನ ದುಡಿ’ ಪ್ರಕಟವಾಯಿತು. ಬರವಣಿಗೆಯ ಜೊತೆಗೇ ಕರಾವಳಿಯ ಬಯಲಾಟವನ್ನು ಅಭ್ಯಸಿಸಿದರು. ‘ಯಕ್ಷಗಾನ ಬಯಲಾಟ’ ಕೃತಿಗೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1971ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಆರಂಭವಾದಾಗ ಅದರ ಬೆನ್ನಿಗೆ ನಿಂತರು. ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದ ‘ಚೋಮನ ದುಡಿ’ ರಾಷ್ಟ್ರದ ಅತ್ಯುತ್ತಮ ಚಿತ್ರವೆನಿಸಿತು. ಶಿವರಾಮ ಕಾರಂತರೇ ತಮ್ಮ ‘ಕುಡಿಯರ ಕೂಸು’ ಕಾದಂಬರಿಯನ್ನು ಆಧರಿಸಿ ‘ಮಲೆಯ ಮಕ್ಕಳು’ ಚಿತ್ರವನ್ನು ನಿರ್ದೇಶಿಸಿದ್ದು 1978ರಲ್ಲಿ, ಎಪ್ಪತ್ತೈದು ದಾಟಿದ ಮೇಲೆ.

ಆ ಬಳಿಕ ಚಿತ್ರಮಂದಿರದ ಇಳಿಗಾಲ ಬಂತು. ಎಂಬತ್ತರ ದಶಕದಲ್ಲಿ ದೂರದರ್ಶನ ಮತ್ತು ವಿಡಿಯೊ, ತೊಂಬತ್ತರಲ್ಲಿ ಕೇಬಲ್, ನಂತರ ಮಲ್ಟಿಪ್ಲೆಕ್ಸ್, ಮೊಬೈಲು, 2020ರ ಕೋವಿಡ್ ಬೀಗಮುದ್ರೆ. ಖಾಲಿ ಕುರ್ಚಿಯ ಇಂದಿನ ಆದಾಯವನ್ನು ನಾಳೆ ಮಾರಲಾಗದು. ಪೇಟೆಯ ನಡುವಿನ ನಿವೇಶನದ ಬೆಲೆಯಾದರೋ ಏರುತ್ತಲೇ ಇತ್ತು. ಕನ್ನಡ ಚಿತ್ರಗಳಿಗೆ ಸರ್ಕಾರ ಮನರಂಜನಾ ತೆರಿಗೆಯ ವಿನಾಯಿತಿ ನೀಡಿತ್ತು. ಅದು ಚಿತ್ರವನ್ನು ನೋಡಿಕೊಂಡಿತೇ ಹೊರತು ಚಿತ್ರ ತೋರಿಸುವ ಕಟ್ಟಡವನ್ನಲ್ಲ.

ಇದೇ ನೆಲದಲ್ಲಿ ಬಯಲಾಟ ಉಳಿದದ್ದು ಹೇಗೆ? ಮಂದಾರ್ತಿ, ಕಟೀಲು ಮೇಳಗಳ ಆಟಕ್ಕೆ ಹಣ ಕೊಡುವವರು ಹರಕೆ ಹೊತ್ತವರು; ನೋಡುವವರಿಗೆ ಟಿಕೆಟ್ಟಿಲ್ಲ. ಟಿಕೆಟ್ಟನ್ನೇ ನಂಬಿದ ಡೇರೆ ಮೇಳಗಳ ಸಂಖ್ಯೆ ಚಿತ್ರಮಂದಿರಗಳಂತೆಯೇ ಕುಗ್ಗಿತು. ಹರಕೆ ಮತ್ತು ಟಿಕೆಟ್ಟು, ಇವೆರಡರಾಚೆಗೆ ಮೂರನೆಯ ಆಸರೆಯೊಂದು ಸಾಧ್ಯವೆಂದು ಕಾರಂತರು ತೋರಿಸಿದರು: ಕಲಿಸುವ ಸಂಸ್ಥೆ. ಇಡೀ ರಾತ್ರಿಯ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು, ಹಳೆಯ ವೇಷಭೂಷಣವನ್ನು ಮರಳಿ ತಂದರು, ಪಿಟೀಲು ಮತ್ತು ಸ್ಯಾಕ್ಸೊಫೋನನ್ನು ಸೇರಿಸಿದರು, ವಿದೇಶಗಳಿಗೂ ಕೊಂಡೊಯ್ದರು. ಸಂಪ್ರದಾಯವಾದಿಗಳ ಟೀಕೆ ಅವರಿಗೆ ತಪ್ಪಲಿಲ್ಲ. ಅವರ ಪ್ರಯೋಗ ಬಯಲಿನ ಪ್ರೇಕ್ಷಕರ ಅಭಿರುಚಿಯನ್ನು ಬದಲಿಸಿತೆಂದೂ ಹೇಳಲಾಗದು. ಆದರೆ ಕಲೆಯನ್ನು ಕಾಪಾಡಲು ಬರಿಯ ಮಮತೆ ಸಾಲದು, ಅದಕ್ಕೆ ವ್ಯವಸ್ಥೆಯೊಂದು ಬೇಕೆಂಬುದನ್ನು ಅವರು ಕಂಡುಕೊಂಡಿದ್ದರು.

1997ರ ಆಗಸ್ಟ್‌ನಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಅದೇ ಡಿಸೆಂಬರ್ 9ರಂದು ಕಾರಂತರು ಮಣಿಪಾಲದಲ್ಲಿ ಕೊನೆಯುಸಿರೆಳೆದರು. ಯಕ್ಷಗಾನ ಕೇಂದ್ರದಲ್ಲಿ ಇಂದಿಗೂ ಹುಡುಗರು ಹೆಜ್ಜೆ ಕಲಿಯುತ್ತಿದ್ದಾರೆ. ಚಿತ್ರಮಂದಿರಕ್ಕೆ ಅಂಥ ವಾರಸುದಾರರು ಹುಟ್ಟಲಿಲ್ಲ. ಆಡಳಿತದಲ್ಲಿ ದುಡಿದವನಾಗಿ ನನಗನ್ನಿಸುವುದಿಷ್ಟು: ನಷ್ಟದಲ್ಲಿರುವ ಮಾಲೀಕರನ್ನು ಬಾಗಿಲು ತೆರೆದಿಡಿ ಎಂದು ಒತ್ತಾಯಿಸುವುದು ನ್ಯಾಯವಲ್ಲ. ಆದರೆ ಹಳೆಯ ಟಾಕೀಸಿನ ಜಾಗದಲ್ಲಿ ವಾಣಿಜ್ಯ ಸಂಕೀರ್ಣಕ್ಕೆ ಪರವಾನಗಿ ಕೊಡುವಾಗ, ಹೆಚ್ಚುವರಿ ಅಂತಸ್ತಿನ ರಿಯಾಯಿತಿಗೆ ಪ್ರತಿಯಾಗಿ ಸಿನಿಮಾ, ನಾಟಕ, ಆಟ ಮೂರಕ್ಕೂ ಒದಗುವ ಇನ್ನೂರು ಆಸನಗಳ ಸಭಾಂಗಣವೊಂದನ್ನು ಉಳಿಸಿಕೊಳ್ಳುವಂತೆ ಸ್ಥಳೀಯ ಸಂಸ್ಥೆಗಳು ಕೇಳಬಹುದು. ಊರಿನವರು ಒಟ್ಟಿಗೆ ಕೂರುವ ಜಾಗ ಒಮ್ಮೆ ಕೈಬಿಟ್ಟರೆ, ಅದನ್ನು ಮರಳಿ ಕೊಳ್ಳುವ ಶಕ್ತಿ ಯಾವ ಪುರಸಭೆಗೂ ಇರುವುದಿಲ್ಲ.