ಹುಚ್ಚಾಸ್ಪತ್ರೆಗಳ ಕದ ತೆರೆಸಿದ ಶಾಫ್ಟ್ಸ್‌ಬರಿ

ಲಂಡನ್ನಿನ ಪಿಕಾಡಿಲಿ ವೃತ್ತದಲ್ಲಿ ಬಿಲ್ಲು ಹಿಡಿದು ನಿಂತ ರೆಕ್ಕೆಯ ಮೂರ್ತಿ ಜಗತ್ಪ್ರಸಿದ್ಧ. 1893ರಲ್ಲಿ ಅನಾವರಣಗೊಂಡ ಆ ಕಾರಂಜಿ ಯಾರ ಸ್ಮಾರಕವೆಂದು ಬಲ್ಲವರು ವಿರಳ. ಅದು ಏಳನೆಯ ಶಾಫ್ಟ್ಸ್‌ಬರಿ ಅರ್ಲ್, ಆಂಟನಿ ಆಶ್ಲಿ ಕೂಪರ್ ಅವರದು. ಗಣಿ, ಗಿರಣಿಗಳ ಬಾಲಕಾರ್ಮಿಕರ ಪರ ಹೋರಾಡಿದವರೆಂದು ಇತಿಹಾಸ ಅವರನ್ನು ಸ್ಮರಿಸುತ್ತದೆ. ಆದರೆ ಅವರ ಅತಿ ದೀರ್ಘ ಕಾಯಕ ಬೇರೆಯೇ ಆಗಿತ್ತು.

1801ರ ಏಪ್ರಿಲ್ 28ರಂದು ಜನಿಸಿದ ಆಶ್ಲಿ ಸಿರಿವಂತ ಮನೆಯಲ್ಲಿ ಬೆಳೆದರೂ ತಂದೆ ತಾಯಿಯರ ಅಕ್ಕರೆ ಕಾಣಲಿಲ್ಲ. ವಾತ್ಸಲ್ಯ ತೋರಿದವಳು ಮನೆಯ ಸೇವಕಿ ಮರಿಯಾ ಮಿಲ್ಲಿಸ್. 1826ರಲ್ಲಿ ಸಂಸತ್ತಿಗೆ ಆಯ್ಕೆಯಾದ ಅವರು ಮರುವರ್ಷವೇ ಬಡ ಮನೋರೋಗಿಗಳ ಸ್ಥಿತಿಗತಿ ಅರಿಯುವ ಸಮಿತಿಯ ಸದಸ್ಯರಾದರು. ಬೆತ್ನಲ್ ಗ್ರೀನ್‌ನ ಖಾಸಗಿ ಹುಚ್ಚಾಸ್ಪತ್ರೆಯೊಂದರ ವೃತ್ತಾಂತ ಸಮಿತಿಯನ್ನು ಬೆಚ್ಚಿಬೀಳಿಸಿತು. ಶನಿವಾರ ಹುಲ್ಲಿನ ಮೇಲೆ ಬೆತ್ತಲೆಯಾಗಿ ಸರಪಳಿ ಬಿಗಿಸಿಕೊಂಡ ರೋಗಿಗಳಿಗೆ ಬಿಡುಗಡೆ ಸೋಮವಾರ ಬೆಳಿಗ್ಗೆ. ಸಿಬ್ಬಂದಿಗೆ ಭಾನುವಾರ ರಜೆ ಬೇಕಿತ್ತು, ಅಷ್ಟೆ!

1828ರ ಕಾಯ್ದೆ ಲಂಡನ್ ಸುತ್ತಲಿನ ಇಂಥ ಮನೆಗಳಿಗೆ ತಪಾಸಣಾ ಆಯುಕ್ತರನ್ನು ನೇಮಿಸಿತು. ಆಶ್ಲಿ ಅವರಲ್ಲೊಬ್ಬರು. 1842ರಲ್ಲಿ ಈ ಅಧಿಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ವಿಸ್ತರಿಸಿತು. 1844ರ ವರದಿ ಒಳಗಿನ ಹುಳುಕನ್ನೆಲ್ಲ ಬಯಲಿಗೆಳೆಯಿತು. 1845ರಲ್ಲಿ ಶಾಶ್ವತ ಆಯೋಗವೇ ಅಸ್ತಿತ್ವಕ್ಕೆ ಬಂತು. ಸಂಬಳದ ಆರು ಮಂದಿಯಲ್ಲಿ ಮೂವರು ವೈದ್ಯರು, ಮೂವರು ವಕೀಲರು. ಒಬ್ಬ ವೈದ್ಯ, ಒಬ್ಬ ವಕೀಲ ಜೋಡಿಯಾಗಿ, ಮುನ್ಸೂಚನೆಯಿಲ್ಲದೆ ಒಳಹೊಕ್ಕು ರೋಗಿಗಳನ್ನು ಕಾಣಬೇಕು, ದಾಖಲೆ ಪುಸ್ತಕ ತೆರೆಸಬೇಕು. ಆಸ್ಪತ್ರೆಯ ಲಾಭದಲ್ಲಿ ಪಾಲಿಲ್ಲದವರೇ ಪರೀಕ್ಷಿಸಬೇಕೆಂಬುದು ಇದರ ಜೀವಾಳ. ಸಂಬಳವಿಲ್ಲದೆ ಅಧ್ಯಕ್ಷತೆ ವಹಿಸಿದ ಆಶ್ಲಿ ಕೊನೆಯುಸಿರಿನವರೆಗೂ ಆ ಪೀಠ ಬಿಡಲಿಲ್ಲ. ಆದರೂ ಪುರಾತನ ಬೆತ್ಲೆಮ್ ಆಸ್ಪತ್ರೆ 1853ರವರೆಗೆ ಆಯೋಗದ ನಿಯತ ತಪಾಸಣೆಯಿಂದ ನುಣುಚಿಕೊಂಡಿತ್ತು. ದೊಡ್ಡವರ ಆಶ್ರಯವಿದ್ದ ಸಂಸ್ಥೆಗೆ ಬಾಗಿಲು ಮುಚ್ಚಿಕೊಳ್ಳುವುದು ಕಷ್ಟವಲ್ಲ.

ಆಯೋಗದ ಮೇಲೂ ದೂರುಗಳಿದ್ದವು. ತಾವೇ ಬಂಧನ ಅನುಭವಿಸಿದ್ದ ಜಾನ್ ಪರ್ಸಿವಲ್ ಮೊದಲಾದವರು 1845ರಲ್ಲಿ ಸಂಘ ಕಟ್ಟಿ, ರೋಗಿಯ ಮಾತಿಗೂ ಬೆಲೆ ಬೇಕೆಂದರು. ಸ್ವಸ್ಥರನ್ನು ಕೂಡಿಹಾಕದಂತೆ ದಾಖಲಾತಿಗೆ ನ್ಯಾಯಾಧಿಕಾರಿಯ ಆದೇಶವಿರಲಿ ಎಂಬ ಬೇಡಿಕೆಯನ್ನು ಶಾಫ್ಟ್ಸ್‌ಬರಿ ಒಪ್ಪಲಿಲ್ಲ. ಗೌಪ್ಯ ಹೋಗುತ್ತದೆ, ಆರಂಭದ ಚಿಕಿತ್ಸೆ ತಡವಾಗುತ್ತದೆ ಎಂಬುದು ಅವರ ವಾದ. ಸದುದ್ದೇಶದ್ದಾದರೂ ಅದು ರೋಗಿಯ ಸ್ವಾತಂತ್ರ್ಯವನ್ನು ವೈದ್ಯರ ಸಹಿಗೆ ಬಿಟ್ಟುಕೊಡುವ ವಾದವಾಗಿತ್ತು.

1885ರ ಅಕ್ಟೋಬರ್ 1ರಂದು ಫೋಕ್‌ಸ್ಟನ್‌ನಲ್ಲಿ ಅವರು ನಿಧನರಾದರು. ಖರ್ಚು ತಾವೇ ಭರಿಸುವ ಖಾಸಗಿ ರೋಗಿಗಳ ದಾಖಲಾತಿಗೂ ನ್ಯಾಯಾಧಿಕಾರಿಯ ಆದೇಶವನ್ನು 1890ರ ಕಾಯ್ದೆ ಕಡ್ಡಾಯಗೊಳಿಸಿತು.